ಸೊರಬದ ಬಸ್ಸು ನಿಂತಿರುವಷ್ಟು ಹೊತ್ತು

ಶಿಕಾರಿಪುರ
೧೬-೧೧-೧೯೫೮, ಭಾನುವಾರ

ಪ್ರೀತಿಯ ಮಲ್ಲೇಶಪ್ಪನವರಿಗೆ,

ಗಂಡನನ್ನು ‘ಪೂಜ್ಯ’ ಎಂದು ಕರೆಯುವುದು ಗುಲಾಮಗಿರಿ ಎಂದು ನೀವೇ ತಂದುಕೊಟ್ಟ ಎರಡಾಣೆಯ ಪುಸ್ತಿಕೆಯಲ್ಲಿ ಓದಿದ್ದೇನೆ. ಆದ್ದರಿಂದ ಪಾದಗಳಿಗೆ ನಮಸ್ಕಾರ ಬರೆದಿಲ್ಲ. ನಿಮ್ಮ ಕೆಮ್ಮು ಹೇಗಿದೆ? ಸೊರಬದಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ಬಸ್ಸಿನ ಡ್ರೈವರ್ ಧರ್ಮಪ್ಪ ಹೇಳಿದರು. ನಿಮ್ಮ ಸೋದರಮಾವನ ಅಂಗಡಿಯಲ್ಲಿ ಬರಿನೆಲದ ಮೇಲೆ ಮಲಗಬೇಡಿ, ಖಾಲಿ ಗೋಣಿಚೀಲವನ್ನಾದರೂ ಹಾಸಿಕೊಳ್ಳಿ. ನಿಮ್ಮ ತಾಯಿಗೆ ಮಂಡಿನೋವು ಹೆಚ್ಚಾಗಿದೆ, ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಾರೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲವಲ್ಲ, ಆ ಮಾತು ಬೇಡ.

ಹೌದು, ಇದನ್ನು ಬರಹದ ಹೊತ್ತಿನಲ್ಲೇ ಬರೆಯುತ್ತಿದ್ದೇನೆ. ನೀವು ಹೋದ ಮೇಲೂ ನಮ್ಮ ಜಗಲಿಯ ಭಾನುವಾರದ ಕಥೆ ಬರೆಯುವ ಕೂಟ ನಿಂತಿಲ್ಲ. ಮನೆಯ ಗಡಿಯಾರ ಕೆಟ್ಟಾಗ ನೀವು ಮಾಡಿದ ಏರ್ಪಾಡೇ ಈಗಲೂ ನಡೆಯುತ್ತಿದೆ. ಎದುರಿನ ಸ್ಟ್ಯಾಂಡಿಗೆ ಸೊರಬದ ಬಸ್ಸು ಬಂದು ನಿಂತರೆ ಪೆನ್ನು ಕಾಗದಕ್ಕೆ, ವಾಪಸು ಹೊರಡುವ ಹಾರ್ನ್ ಆದರೆ ಪೆನ್ನು ಕೆಳಕ್ಕೆ. ನಡುವೆ ತಲೆ ಎತ್ತುವಂತಿಲ್ಲ, ಕೈ ನಿಲ್ಲಿಸುವಂತಿಲ್ಲ, ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಮುಂದಿನ ಮಾತು ಬಾರದಿದ್ದರೆ ಕೊನೆಯ ಮಾತನ್ನೇ ಮತ್ತೆ ಮತ್ತೆ ಬರೆಯುತ್ತಿರಬೇಕು. ಸ್ಫೂರ್ತಿ ಬರಲಿ ಎಂದು ಕಾಯುತ್ತ ಕೂರುವವನು ಬರಹಗಾರನಲ್ಲ, ಗೇಣಿಗೆ ಕಾಯುವ ಜಮೀನ್ದಾರ ಎಂದು ನೀವು ಹಲಗೆ ಗುದ್ದಿ ಹೇಳುತ್ತಿದ್ದಿರಿ. ಅದು ನನಗೆ ಈಗಲೂ ಸತ್ಯವೇ. ತಾಳಗುಂದದ ಚಿಕ್ಕಬೀರಪ್ಪ ಒಂದು ವಾರವೂ ತಪ್ಪಿಸುವುದಿಲ್ಲ. ಹೋದ ಸಲ ‘ಕುರಿ’ ಎಂಬ ಮಾತಿನ ಮುಂದೆ ಏನೂ ಹೊಳೆಯದೆ ಅರ್ಧ ಪುಟ ಕುರಿ ಕುರಿ ಎಂದೇ ಬರೆದು, “ಹಿಂಡು ಪೂರಾ ಆತು ನೋಡ್ರಿ ಅಕ್ಕಾರೆ, ಇನ್ನು ಕಾಯೋಕೊಂದು ನಾಯಿ ಬರದ್ರೆ ಮುಗೀತು” ಎಂದ. ಒಳಗೆ ನಿಮ್ಮ ತಾಯಿ ನಕ್ಕರು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು.

ಒಂದು ನಿಯಮವನ್ನು ಮಾತ್ರ ನಾನು ಪ್ರತಿ ವಾರ ಮುರಿಯುತ್ತೇನೆ. ಬಸ್ಸು ಬಂದಾಗ ತಲೆ ಎತ್ತುತ್ತೇನೆ. ಕೊನೆಯವರು ಇಳಿಯುವ ತನಕ ನೋಡಿ, ಆಮೇಲೆ ಶುರು ಮಾಡುತ್ತೇನೆ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಬಿಡುವಿಲ್ಲ ಎಂದು ನೀವು ಹೇಳಿಕಳಿಸಿದ್ದನ್ನು ನಂಬಿದ್ದೇನೆ ಎಂದೂ ನಾನು ಬರೆಯುವುದಿಲ್ಲ. ಸೊರಬವೇನು ಕಾಶಿಯಲ್ಲ. ಈ ಬಸ್ಸು ದಿನಾ ಬರುತ್ತದೆ.

ನೀವು ಹೋದಂದಿನಿಂದ ನನ್ನ ಒಂದು ಕಥೆಯೂ ಮುಗಿದಿಲ್ಲ. ಕೈ ಓಡುತ್ತದೆ, ಪುಟ ತುಂಬುತ್ತದೆ. ಜೀತದ ಮೇಲೆ ಬರೆದೆ, ವರದಕ್ಷಿಣೆಯ ಮೇಲೆ ಬರೆದೆ. ಎಲ್ಲದರ ನಡುವೆ ಎಲ್ಲಿಂದಲೋ ಒಂದು ತೊಟ್ಟಿಲು ಬಂದು ಅಡ್ಡ ನಿಲ್ಲುತ್ತದೆ. ಅಲ್ಲಿಂದ ಹಾರ್ನ್ ಆಗುವವರೆಗೂ ತೊಟ್ಟಿಲು ತೊಟ್ಟಿಲು ತೊಟ್ಟಿಲು.

ಎರವಲು ತಂದಿದ್ದ ತೊಟ್ಟಿಲನ್ನು ನೆರೆಯ ಹೂವಮ್ಮನ ಮನೆಗೆ ವಾಪಸು ಕೊಟ್ಟಾಯಿತು. ಹೆಸರಿಡದ ಕೂಸು ಹೋದರೆ ಮನೆಗೆ ಬಂದು ಮಾತಾಡಿಸುವ ಪದ್ಧತಿ ಇಲ್ಲವಂತೆ, ಯಾರೂ ಬರಲಿಲ್ಲ. ಕೆರೆ ಏರಿಯ ಕೆಳಗೆ ನೀವು ಮಣ್ಣು ಮಾಡಿ ಬಂದ ದಿನವೇ ಒಲೆ ಹೊತ್ತಿತು. “ಹೆಸರಿಲ್ಲದ್ದು ಇನ್ನೂ ದೇವರ ಮನೇದೇ ಕಣವ್ವಾ, ಕೊಟ್ಟೋನೇ ಇಸ್ಕಂಡ” ಎಂದರು ನಿಮ್ಮ ತಾಯಿ. ನಾನು ಅವರ ಮೇಲೆ ಕೂಗಾಡಿದ್ದು ನಿಮಗೆ ನೆನಪಿರಬೇಕು. ಆದರೆ ಹೆಸರಿಲ್ಲದಂತೆ ಮಾಡಿದವರು ಅವರಲ್ಲ. ಅಯ್ಯನವರು ಬೇಡ, ಶಾಸ್ತ್ರ ಬೇಡ, ನಾವೇ ಯೋಚಿಸಿ ಹೆಸರಿಡೋಣ ಎಂದವರು ನಾವು. ನೀವು ‘ಸಮತಾ’ ಎಂದಿರಿ, ನಾನು ‘ಮುಕ್ತಾ’ ಎಂದೆ. ಸಮಾನತೆ ಮೊದಲೋ ಬಿಡುಗಡೆ ಮೊದಲೋ ಎಂದು ತೊಟ್ಟಿಲಿನ ಆಚೆ ಈಚೆ ನಿಂತು ವಾದ ಮಾಡಿದೆವು. ಮುಂದಿನ ಸೋಮವಾರ ನೋಡೋಣ, ಅದರ ಮುಂದಿನ ಸೋಮವಾರ ನೋಡೋಣ ಎಂದೆವು. ನಮ್ಮ ವಾದ ಮುಗಿಯಲಿ ಎಂದು ಜ್ವರ ಕಾಯಲಿಲ್ಲ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಹೆಸರು ಕೇಳಿದಾಗ ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ. ಅವರು ‘ಕೂಸು’ ಎಂದು ಬರೆದುಕೊಂಡರು. ಕೂಸು ಕೂಸು ಕೂಸು ಕೂಸು ಕೂಸು ಕೂಸು ತುಂಬೆ

ತುಂಬೆ. ಕೈ ಏನು ಬರೆಯಿತು ನೋಡಿ. ಹೊಡೆದುಹಾಕುವಂತಿಲ್ಲ. ಇದು ನನ್ನ ಮಾತಲ್ಲ, ನಿಮ್ಮ ತಾಯಿಯದು. ನೀರು ಹಾಕುವಾಗ ಕಾಲ ಮೇಲೆ ಮಲಗಿಸಿಕೊಂಡು, “ಅಳಬ್ಯಾಡ ನನ್ನ ತುಂಬೆ, ಆತು, ಆತು” ಎನ್ನುತ್ತಿದ್ದರು. ಗದ್ದೆಯ ಬದುವಿನ ಆ ಪುಟ್ಟ ಬಿಳಿ ಹೂವು. ಆ ಮಾತಿಗೆ ಅದು ಅಳು ನಿಲ್ಲಿಸುತ್ತಿತ್ತು. ನಿಲ್ಲಿಸುತ್ತಿದ್ದಳು. ನಾವು ಪಡಸಾಲೆಯಲ್ಲಿ ಪುಸ್ತಿಕೆ ಹಿಡಿದು ಹೆಸರು ಹುಡುಕುತ್ತಿದ್ದಾಗ ಅವಳು ಬಚ್ಚಲಲ್ಲಿ ಒಂದು ಹೆಸರಿಗೆ ಆಗಲೇ ಓಗೊಡುತ್ತಿದ್ದಳು. ಅಷ್ಟು ಹತ್ತಿರವಿದ್ದೂ ನಮ್ಮಿಬ್ಬರಿಗೂ ಕೇಳಲಿಲ್ಲ.

ಧರ್ಮಪ್ಪ ಚಹಾ ಕುಡಿದು ಜಗಲಿಯ ಹತ್ತಿರ ಬಂದು ನಿಂತಿದ್ದಾರೆ. ಯಾವಾಗಲೂ ಕೇಳುವ ಹಾಗೆ, “ಕತೆ ಮುಗೀತೇನ್ರೀ ಅಮ್ಮಾರೆ, ಗಾಡಿ ಬಿಡ್ಲಾ?” ಎನ್ನುತ್ತಿದ್ದಾರೆ. ಕಾಗದವನ್ನು ಅವರ ಕೈಯಲ್ಲೇ ಕೊಡುತ್ತೇನೆ. ನಿಮ್ಮ ತಾಯಿ ಆಶೀರ್ವಾದ ಹೇಳಿದ್ದಾರೆ, ಚಿಕ್ಕಬೀರಪ್ಪ ನಮಸ್ಕಾರ ಹೇಳಿದ್ದಾನೆ. ನಿಮ್ಮ ಸೋದರಮಾವನವರಿಗೂ ಕುಪ್ಪಗಡ್ಡೆಯಲ್ಲಿರುವ ನಿಮ್ಮ ಒಡಹುಟ್ಟಿದ ಅಕ್ಕನಾಗಮ್ಮನವರಿಗೂ ನಾನು ಕೇಳಿದೆನೆಂದು ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ನೀಲಾಂಬಿಕ

ತಾ.ಕ.: ಹಾರ್ನ್ ಆಯಿತು, ಧರ್ಮಪ್ಪ ಕೈ ಚಾಚಿದ್ದಾರೆ. ಮುಂದಿನ ಭಾನುವಾರ ಇದೇ ಬಸ್ಸಿಗೆ ಬನ್ನಿ. ಅಕ್ಕನಾಗಮ್ಮನವರನ್ನೂ ಕರೆತನ್ನಿ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಸೋದರತ್ತೆ. ಆ ಪದ್ಧತಿ ಬೇಡವೆಂದು ಹಟ ಹಿಡಿದವಳು ನಾನೇ, ಈಗ ಬೇಕು. ಕೆರೆ ಏರಿಯ ಕೆಳಗೆ ಹೋಗೋಣ, ಅವರು ನೆಲಕ್ಕೆ ಬಾಗಿ ಹೇಳಲಿ. ನಿಮ್ಮ ತಾಯಿಯೂ ಬರಬೇಕು, ಹೆಸರು ಅವರದು. ಏರಿ ಇಳಿಯುವಾಗ ಅವರ ಕೈ ಹಿಡಿದುಕೊಳ್ಳಲು ನನ್ನೊಬ್ಬಳಿಂದ ಆಗುವುದಿಲ್ಲ.