ಅಣಬೆಯ ಗುಟ್ಟಿನ ಜಾಗ

ಲುಸಾಕಾ, ಮಂಗಳವಾರ

ಅಕ್ಕಾ,
ಮಗಳ ಮನೆಯಲ್ಲಿ ಆರಾಮಾಗಿದ್ದೇನೆ. ಹಿಂದೆ ಇಲ್ಲಿದ್ದಾಗ ಮಳೆಗಾಲದಲ್ಲಿ ಬುಟ್ಟಿಗಟ್ಟಲೆ ಅಣಬೆ ಕಿತ್ತು, ಒಣಗಿಸಿ ಊರಿಗೆ ಕಳಿಸುತ್ತಿದ್ದೆನಲ್ಲ? ನೀನು ಎಷ್ಟು ಗೋಗರೆದರೂ ಜಾಗ ಹೇಳಿರಲಿಲ್ಲ. ನಿನ್ನೆ ಬೆಳಗ್ಗೆ, ಯಾರೂ ಹಿಂಬಾಲಿಸದಿರಲೆಂದು ಮೂರು ಬೀದಿ ಸುತ್ತು ಹಾಕಿ ಅಲ್ಲಿಗೆ ಹೋದೆ. ಕಾಡೇ ಇಲ್ಲ! ಗಾಜಿನ ಮಾಲ್ ಎದ್ದಿದೆ, ಮುಂದೆ ಸಾಲುಸಾಲು ಕಾರು. ಬುಟ್ಟಿ ಹಿಡಿದು ಕಾರುಗಳ ನಡುವೆ ಬಗ್ಗಿ ನೋಡುತ್ತಿದ್ದೆ, ಕಾವಲುಗಾರ ಬಂದ.

"ಏನಜ್ಜೀ, ಏನ್ ಹುಡುಕ್ತಿದೀರಾ?"

ಹಳೇ ಚಾಳಿ, ಬಾಯಿಂದ ನಿಜ ಹೊರಡಲಿಲ್ಲ. "ಏನಿಲ್ಲಪ್ಪ, ಚಪ್ಪಲಿ ತಗೊಳ್ಳೋಣ ಅಂತ ಬಂದೆ" ಎಂದೆ. ಪುಣ್ಯಾತ್ಮ, ಕೈಹಿಡಿದು ಚಪ್ಪಲಿ ಅಂಗಡಿಯವರೆಗೂ ಬಿಟ್ಟ! ಮಾನ ಉಳಿಸಿಕೊಳ್ಳಲು ಒಂದು ಜೊತೆ ಕೊಂಡೆ. ಆಮೇಲೆ ಕೈ ನಿಲ್ಲಲೇ ಇಲ್ಲ. ಛತ್ರಿ, ಬಾಣಲೆ, ಕೊನೆಗೆ ಡಬ್ಬಿಯಲ್ಲಿಟ್ಟ ಅಣಬೆಯನ್ನೂ ಕೊಂಡೆ. ಬುಟ್ಟಿಗೆ ಸುರಿದು, ನಾನೇ ಕಿತ್ತದ್ದೆಂದು ಮಗಳಿಗೆ ತೋರಿಸಿದೆ.

ಅವಳು ಒಂದು ಅಣಬೆಗೆ ಅಂಟಿದ್ದ ಚೀಟಿ ಕಿತ್ತು ಹಿಡಿದು, "ಬೆಲೆ ಚೀಟಿ ಸಮೇತ ಬೆಳೀತಾವಾ ಅಮ್ಮಾ?" ಎಂದಳು.

ಮಂಡಿನೋವು ಪರವಾಗಿಲ್ಲ, ಹೊಸ ಚಪ್ಪಲಿ ಕಚ್ಚುತ್ತಿದೆ. ಇನ್ನು ನಿನಗೆ ಜಾಗ ಹೇಳಿಬಿಡುತ್ತೇನೆ: ಕಾರು ನಿಲ್ಲಿಸುವಲ್ಲಿ ಎರಡನೇ ಸಾಲು, ಹಳದಿ ಕಂಬದ ಬುಡ. ಯಾರಿಗೂ ಹೇಳಬೇಡ.

ನಿನ್ನ ತಂಗಿ,
ಚಿಲುಫ್ಯಾ