ಅವರ ಅಮ್ಮನ ಮಾತು

ಮಾರ್ಚ್ ೪, ಬೆಳಿಗ್ಗೆ

ಯಜಮಾನರ ಮೈ ಒರೆಸಿ ಬಟ್ಟೆ ಬದಲಿಸಿದೆ. ಹಾಲು ಅರ್ಧ ಲೋಟ ಕುಡಿದರು. ಆಮೇಲೆ ಏನೋ ಕೇಳಿದರು. ನೀರು ಕೊಟ್ಟೆ — ಅಲ್ಲ. ಫ್ಯಾನ್ ಹಾಕಿದೆ — ಅಲ್ಲ. ದಿಂಬು ಸರಿಮಾಡಿದೆ. ಕಣ್ಣು ಮುಚ್ಚಿಕೊಂಡುಬಿಟ್ಟರು.

ಸ್ಟ್ರೋಕ್ ಆದಮೇಲೆ ನಾವು ಮನೆಯಲ್ಲಿ ಆಡುತ್ತಿದ್ದ ಭಾಷೆ ಅವರಿಂದ ಅಳಿಸಿಹೋಗಿದೆ. ಉಳಿದಿರುವುದು ಅವರ ಅಮ್ಮನ ಭಾಷೆ ಮಾತ್ರ. "ಕೆಲವರಿಗೆ ಹೀಗಾಗುತ್ತಮ್ಮ, ಚಿಕ್ಕಂದಿನಲ್ಲಿ ಕಲಿತದ್ದೇ ಉಳಿಯುತ್ತೆ" ಎಂದರು ಡಾಕ್ಟರು. ಮದುವೆಯಾದಾಗಿನಿಂದ ನನ್ನ ಭಾಷೆಯಲ್ಲೇ ಮಾತಾಡಿದವರು. ಜಗಳವೂ ಅದರಲ್ಲೇ. ಅವರದನ್ನು ನಾನು ಕಲಿಯುವ ಪ್ರಸಂಗವೇ ಬರಲಿಲ್ಲ.

ಮಾರ್ಚ್ ೭

ಅವರ ಅಕ್ಕನಿಗೆ ಫೋನ್ ಮಾಡಿದೆ. "ನಿಮ್ಮ ಭಾಷೆ ಕಲಿಸ್ತೀರಾ, ಅತ್ತಿಗೆ?"

"ಅರವತ್ತಕ್ಕೆ ಅರಳುಮರಳು ಅಂತಾರೆ. ನೀನು ಅರವತ್ತಕ್ಕೆ ಅ ಆ ಇ ಈ ಅಂತೀಯಲ್ಲೇ!" ನಕ್ಕರು. ಆಮೇಲೆ ಮೂಗು ಸೀಟಿದ ಸದ್ದು.

ದಿನಾ ಮಧ್ಯಾಹ್ನ ಪಾಠ. ನೀರು, ಊಟ, ನೋವು, ಬಚ್ಚಲು. ಒಂದು ಅಕ್ಷರ ಗಂಟಲಿನ ತಳದಿಂದ ಬರಬೇಕಂತೆ. ನನಗೆ ಕೆಮ್ಮು ಬರುತ್ತದೆ.

ಮಾರ್ಚ್ ೧೯

ಹೊಲಿಗೆ ಮೆಷಿನ್ ಮುಂದೆ ಕೂತು ಉರು ಹೊಡೆದೆ. ಆರ್ಡರ್ ಬಂದ ಸ್ಕೂಲ್ ಯೂನಿಫಾರ್ಮಿನ ಕಾಲರ್ ಉಲ್ಟಾ ಹೊಲಿದು, ಬಿಚ್ಚಿದೆ. ಸಂಜೆ ಧೈರ್ಯ ಮಾಡಿ ಅವರ ಭಾಷೆಯಲ್ಲಿ ಕೇಳಿದೆ — ನೋವಿದೆಯಾ?

ಮುಖ ಅರಳಿತು. ನಕ್ಕು ನನ್ನ ಉಚ್ಚಾರ ತಿದ್ದಿದರು. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು. ಕೈ ಹಿಡಿದುಕೊಂಡು ಹೇಳಿದ್ದೇ ಹೇಳಿದ್ದು... ಒಂದು ಪದವೂ ತಲೆಗೆ ಹತ್ತಲಿಲ್ಲ. ಪ್ರಶ್ನೆ ಕಲಿತಿದ್ದೆ, ಉತ್ತರ ಕಲಿತಿರಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಗೊತ್ತಾಯಿತು ಅವರಿಗೆ. ಕೈ ಬಿಟ್ಟರು.

ಏಪ್ರಿಲ್ ೨

ಮಗಳು ಬಂದಿದ್ದಳು. "ಯಾಕಮ್ಮ ಒದ್ದಾಡ್ತೀಯ? ಇದ್ರಲ್ಲೇ ಟ್ರಾನ್ಸ್‌ಲೇಟ್ ಆಗುತ್ತೆ." ಫೋನನ್ನು ಅಪ್ಪನ ಬಾಯಿಗೆ ಹಿಡಿದಳು. ಬಾಯಿ ಒಂದು ಕಡೆಗೆ ಎಳೆದಿದೆ, ಮಾತು ತೊದಲು. ಫೋನ್ ಹೇಳಿತು — "ಕುದುರೆ ನಾಳೆ ಸೋಪು."

ಇಬ್ಬರೂ ನಕ್ಕೆವು. ಏಕೆಂದು ತಿಳಿಯದೆ ಅವರೂ ನಕ್ಕರು. ಮಗಳು ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಏಪ್ರಿಲ್ ೧೧

ಅತ್ತಿಗೆಯನ್ನು ಸ್ಪೀಕರಿನಲ್ಲಿ ಹಾಕಿದೆ. ಮಲಗಿದಲ್ಲಿಂದಲೇ ಅವರು ತುಂಬಾ ಹೇಳಿದರು, ನನ್ನನ್ನೇ ನೋಡುತ್ತ.

"ಏನಂತೆ, ಅತ್ತಿಗೆ?"

"ನಿಂಗೆ ಹೇಳಿದ್ದು ಕಣೇ. ನಾನು ಅವನ ಅಕ್ಕ, ನನ್ನ ಬಾಯಲ್ಲಿ ಹೇಗೆ ಬರುತ್ತೆ?"

"ಬೈದ್ರಾ?"

"ಅಯ್ಯೋ ಪೆದ್ದಿ! ಬೇಗ ಕಲಿ, ನೀನೇ ಕೇಳ್ಕೊ."

ಈ ವಯಸ್ಸಿನಲ್ಲಿ ಕಿವಿ ಬಿಸಿಯಾಯಿತು.

ಮೇ ೬

ಅವರ ಮಾತಿನಲ್ಲಿ ಎರಡು ಪದ ಸಿಕ್ಕವು, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. 'ನೀನು'. 'ಬಾಗಿಲು'. ತೆಗೆಯಬೇಕೋ, ಹಾಕಬೇಕೋ? ಎರಡೂ ಮಾಡಿದೆ. ಅಲ್ಲ ಎಂದರು. 'ಅಲ್ಲ' ಮಾತ್ರ ಈಗ ಚೆನ್ನಾಗಿ ತಿಳಿಯುತ್ತದೆ.

ಮೇ ೨೭

ಮತ್ತೊಂದು ಸ್ಟ್ರೋಕ್. ನಿನ್ನೆ ಆಸ್ಪತ್ರೆಯಿಂದ ಕರೆತಂದೆವು. ಈಗ ಯಾವ ಭಾಷೆಯೂ ಇಲ್ಲ.

"ಕೇಳಿಸುತ್ತಾ, ಡಾಕ್ಟ್ರೇ?"

"ಹೇಳೋಕಾಗಲ್ಲಮ್ಮ. ಮಾತಾಡಿಸ್ತಾ ಇರಿ."

ಅತ್ತಿಗೆಯನ್ನು ಕಾಡಿ ಕೇಳಿದೆ — ಅವತ್ತು ಏನಂದರು? ತಡೆದು ತಡೆದು ಹೇಳಿದರು: "'ಇವಳು ನಮ್ಮ ಮಾತನ್ನ ತಪ್ಪುತಪ್ಪಾಗಿ ಆಡೋದು ಕೇಳ್ತಿದ್ರೆ ಇನ್ನೊಂದ್ಸಲ ಮದುವೆಯಾಗೋಣ ಅನ್ಸುತ್ತೆ' ಅಂದ."

"ಅಷ್ಟೇನಾ?"

"ಇನ್ನೂ ಇದೆ. ಅದನ್ನ ನಾನು ಸತ್ರೂ ಹೇಳಲ್ಲ."

ಫೋನ್ ಇಟ್ಟು ಅತ್ತೆ. ಅವರ ಎದುರಿಗೇ.

ಜೂನ್ ೧೪, ಸಂಜೆ

ಮಂಚದ ಪಕ್ಕ ಕೂತು ಅವರ ಭಾಷೆಯಲ್ಲಿ ದಿನದ ಸುದ್ದಿ ಹೇಳಿದೆ. ಸ್ಕೂಲಿನವರು ಯೂನಿಫಾರ್ಮ್ ಒಯ್ದರು. ಮಗಳಿಗೆ ಪ್ರಮೋಷನ್. ತಡವರಿಸದೆ ಬಂತು. ಕೇಳಿ ಬೆನ್ನು ತಟ್ಟುವವರಿಲ್ಲ.

ಆಮೇಲೆ ಬೇಕೆಂದೇ ತಪ್ಪಾಗಿ ಹೇಳಿದೆ. ಮಗಳನ್ನು 'ಅವನು' ಎಂದೆ. ಕಾದೆ. ಅವರು ಸೂರು ನೋಡುತ್ತಿದ್ದರು. ನನ್ನನ್ನು 'ಗಂಡ' ಎಂದೆ, ಅವರನ್ನು 'ಹೆಂಡತಿ' ಎಂದೆ. ರೆಪ್ಪೆ ಅಲುಗಿತೇ? ಇಲ್ಲ, ಸುಮ್ಮನೆ ಮಿಟುಕಿಸಿದ್ದು. ಇರಲಿ, ಇನ್ನೂ ದೊಡ್ಡ ತಪ್ಪು ಯಾವುದಿದೆ, ಅದನ್ನು ಹೇಳಿ ನೋಡುತ್ತೇನೆ...