ಎಡಗಡೆಯ ಬ್ರೇಕ್

ಕೊಟ್ಟೂರು
ಬುಧವಾರ, ಸಂಜೆ

ಹೊನ್ನೂರಸ್ವಾಮಿಯವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ಮೊದಲ ಸಾಲಿಗೇ ನೀವು ಮೂಗು ಮುರಿದು ಕಾಗದ ಮಡಚಿಬಿಟ್ಟರೆ ಮುಂದಿನದನ್ನು ಯಾರಿಗೆ ಹೇಳಲಿ? ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ನಮ್ಮ ಶಾಲೆಯ ಚಂದನಾ ಟೀಚರ್ ಫೋನಿನಿಂದ ಮಾಡಿದರೆ ನನ್ನ ದನಿ ಕೇಳುತ್ತಲೇ ಕಟ್ ಮಾಡಿದಿರಿ. ಪಕ್ಕದಲ್ಲಿ ನಿಂತಿದ್ದ ಆಕೆ ಏನೂ ಗೊತ್ತಾಗದವಳಂತೆ ಬೋರ್ಡ್ ಒರೆಸತೊಡಗಿದಳು. ನನಗೆ ಎಷ್ಟು ನಾಚಿಕೆಯಾಯಿತೆಂದು ನಿಮಗೆ ಗೊತ್ತಾಗಬೇಕು, ಅದಕ್ಕೇ ಇದನ್ನೂ ಬರೆದಿದ್ದೇನೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ. ಲಾರಿಯ ಹುಲುಗಪ್ಪ ನಾಳೆ ಬೆಳಿಗ್ಗೆ ಮೆಕ್ಕೆಜೋಳ ಹೇರಿಕೊಂಡು ಹಡಗಲಿಗೆ, ನೀವು ಕೆಲಸಕ್ಕಿರುವ ಗೋದಾಮಿಗೇ ಬರುತ್ತಾನಂತೆ. ಅವನ ಕೈಯಲ್ಲಿ ಕಳಿಸುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗಾಗಿ ಬರಬೇಡಿ. ನಾನು ಚೆನ್ನಾಗಿದ್ದೇನೆ, ಶಾಲೆ ಇದೆ, ಸಂಬಳ ಬರುತ್ತದೆ, ಹೊತ್ತು ಹೊತ್ತಿಗೆ ಉಣ್ಣುತ್ತೇನೆ. ಚೆನ್ನಾಗಿಲ್ಲದಿರುವವರು ನಿಮ್ಮ ಅಪ್ಪ. ಹೋದ ಗುರುವಾರ ಅವರು ಡಯಾಲಿಸಿಸ್‌ಗೆ ಬರಲಿಲ್ಲ. ಈ ಸೋಮವಾರವೂ ಬರಲಿಲ್ಲ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಹಿಡಿಸುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಾರೆ. ಬೊಮ್ಮನಹಳ್ಳಿ ಆಸ್ಪತ್ರೆಯ ಸಿಸ್ಟರ್ ಇವತ್ತು ಫೋನ್ ಮಾಡಿ, “ನಾಳೀದು ತಪ್ಪಿದ್ರ ಮುಂದಿಂದು ನಮ್ಮ ಕೈಯಾಗಿಲ್ಲ ನೋಡ್ರಿ ಮೇಡಂ” ಎಂದರು. ನಾಳೆ ಗುರುವಾರ, ಮಧ್ಯಾಹ್ನದ ಪಾಳಿ.

ಬರುವುದಿಲ್ಲ ಎಂದರೆ ಎತ್ತಿ ಹಾಕಿಕೊಂಡು ಹೋಗು ಎನ್ನುತ್ತೀರಿ. ಓಣಿಯ ಹುಡುಗರನ್ನು ಕರೆದು ಅದನ್ನೂ ಮಾಡಬಲ್ಲೆ. ಆದರೆ ಯಂತ್ರದ ಮುಂದೆ ಕೈ ಚಾಚದವರಿಗೆ ಸೂಜಿ ಹಾಕುವುದು ಹೇಗೆ? ಈ ಸೋಮವಾರ, ನಮ್ಮ ಗಾಡಿ ಹತ್ತದಿದ್ದರೆ ಬೇಡ ಎಂದು ಬಾಡಿಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದೆ. ಒಳಗಿನಿಂದ ಚಿಲಕ ಹಾಕಿಕೊಂಡರು. ಸಂಜೆ ಚಿಲಕ ತೆಗೆದ ಮೇಲೆ ಆಂಬುಲೆನ್ಸ್ ಕರೆಸಲೇ ಎಂದರೆ, “ಸತ್ತ ಮ್ಯಾಲೆ ಕರೆಸವ್ವಾ” ಎಂದು ಗೋಡೆಯ ಕಡೆ ತಿರುಗಿದರು.

ಇದೆಲ್ಲ ಹೇಗಾಯಿತು ಎಂದು ಹೇಳಬೇಕಾದರೆ ನಿಮ್ಮ ಆ ಬಿಳಿ ಕಾರಿನ ವಿಷಯಕ್ಕೇ ಬರಬೇಕು. ಅದರ ಗುಣ ನಿಮಗೆ ಹೇಳುವುದೇನಿದೆ, ನನಗಿಂತ ಹೆಚ್ಚು ಸಂಸಾರ ಮಾಡಿದ್ದು ಅದರ ಜೊತೆಗೇ. ಮಳೆ ಬಂದರೆ ವೈಪರ್ ಆಡುವುದಿಲ್ಲ, ಬೇಸಿಗೆಯಲ್ಲಿ ಎಮ್ಮೆಯಂತೆ ನೀರು ಕುಡಿಯುತ್ತದೆ, ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ನೀವು ಕಲಿಸುತ್ತಿದ್ದ ಡ್ರೈವಿಂಗ್ ಸ್ಕೂಲ್ ಮುಚ್ಚಿದಾಗ, ಗುಜರಿಗೆ ಹೋಗಬೇಕಿದ್ದ ಅದನ್ನು ನಾನೇ ಸ್ಕೂಲ್ ತೆಗೆಯುತ್ತೇನೆ ಎಂದು ಮನೆಗೆ ತಂದಿರಿ. ಕಲಿಸುವವರ ಕಾಲಿಗೆಂದು ಎಡಗಡೆ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇತ್ತಲ್ಲ, ಅದನ್ನು ಹಾಗೆಯೇ ಬಿಟ್ಟಿರಿ. ಬಂದ ಮೊದಲ ವಿದ್ಯಾರ್ಥಿ ನಾನು, ಕೊನೆಯವಳೂ ನಾನೇ. ಕೂಡ್ಲಿಗಿ ರಸ್ತೆಯಲ್ಲಿ ನಾನು ಸ್ಟೀರಿಂಗ್ ಹಿಡಿದರೆ ನೀವು ಪಕ್ಕದಲ್ಲಿ ಕೂತು ಆ ಬ್ರೇಕ್ ಮೇಲೆ ಕಾಲಿಡುತ್ತಿದ್ದಿರಿ. ಎಮ್ಮೆ ಅಡ್ಡ ಬಂದಾಗಲೂ ಒತ್ತುವಿರಿ, ಬರದಿದ್ದಾಗಲೂ ಒತ್ತುವಿರಿ. ನಾನು ಬೈಯುತ್ತಿದ್ದೆ. ಈಗ ಆ ಬೈಗುಳ ನೆನೆದರೆ ಅಳು ಬರುತ್ತದೆ.

ಯುಗಾದಿಯ ಮುಂದಿನ ವಾರದ್ದು ಇಬ್ಬರಿಗೂ ನೆನಪಿದೆ, ಹೇಳದೆ ದಾಟಿಸಲಾರೆ. ಮಾವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ರೇಡಿಯೇಟರ್ ಪೈಪು ಒಡೆಯಿತು. ಬಿಸಿಲು, ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಮಾವ ಅಷ್ಟೂ ಜನರ ಮುಂದೆ, “ನಿನ್ನ ಗಾಡಿನೂ ನಿನ್ನಂಗ ಐತಲೇ, ನಡು ದಾರ್ಯಾಗ ಕೈ ಕೊಡ್ತೈತಿ” ಎಂದರು. ನಾನು ನಗುತ್ತಾ, “ಖರೇ ಐತಿ ಬಿಡ್ರಿ” ಎಂದೆ. ಅಪ್ಪ ಅಂದದ್ದನ್ನು ನೀವು ನುಂಗಿಕೊಳ್ಳುತ್ತಿದ್ದಿರಿ, ಚಿಕ್ಕಂದಿನಿಂದ ನುಂಗಿದವರೇ. ನನ್ನ ನಗು ನುಂಗಲಾಗಲಿಲ್ಲ. ಸಂಜೆ ನಮ್ಮನ್ನು ಮನೆಗೆ ಬಿಟ್ಟು, ಕೀ ಮೊಳೆಗೆ ನೇತುಹಾಕಿ, ಬೈಕ್ ಹತ್ತಿ ಹಡಗಲಿಗೆ ಹೋದಿರಿ.

ಅಂದಿನಿಂದ ಮಾವನನ್ನು ನಾನೇ ಕರೆದೊಯ್ದೆ. ಅವರು ಎಡಗಡೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೊದಲ ಸಲ ಗಾಡಿ ನಿಂತದ್ದು ಬೇವಿನ ಮರದ ಹತ್ತಿರ. ಸುಟ್ಟ ವಾಸನೆ, ಮುಂದಿನ ಚಕ್ರಗಳಿಂದ ಹೊಗೆ, ಬ್ರೇಕ್ ಹಿಡಿದುಕೊಂಡು ಗಾಡಿ ಮುಂದೆ ಹೋಗಲೊಲ್ಲದು. ಹೆದರಿ ನಿಮಗೆ ಫೋನ್ ಮಾಡಿದೆ. ಕೋಪದಲ್ಲಿದ್ದರೂ ಬಂದಿರಿ. ಚಕ್ರ ಬಿಚ್ಚಿ ನೋಡಿ, “ಏನೂ ಆಗಿಲ್ಲ, ಬಿಸಿ ಆಗೇತಿ, ಆರಲಿ” ಎಂದಿರಿ. ಆರುವ ತನಕ ಮೂವರೂ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮಾವ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ನಿಮ್ಮ ಕಡೆ ಸರಿಸಿದರು. ನೀವು ತಿಂದಿರಿ. ಆಮೇಲೆ ಆಸ್ಪತ್ರೆಯವರೆಗೂ ನೀವು ಬೈಕಿನಲ್ಲಿ ಹಿಂದೆ ಹಿಂದೆಯೇ ಬಂದಿರಿ, ಮಾವ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡುತ್ತಿದ್ದರು. ನಾನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡನೇ ಸಲವೂ ಅದೇ ಆಯಿತು, ಅದೇ ಹೊಗೆ, ನೀವು ಬಂದಿರಿ. ಮೂರನೇ ಸಲ ಫೋನಿನಲ್ಲೇ, “ಆ ಡಬ್ಬಿನ ಗುಜರಿಗೆ ಹಾಕು, ನನಗ ಮತ್ತ ಫೋನ್ ಮಾಡಬ್ಯಾಡ” ಎಂದು ಇಟ್ಟಿರಿ. ಅಲ್ಲಿಂದ ಮುಂದೆ ನಂಬರ್ ಹತ್ತಲಿಲ್ಲ.

ಗ್ಯಾರೇಜಿನ ಯರ್ರೆಪ್ಪ ಅದಕ್ಕೆ ಮಾಡದ ರಿಪೇರಿ ಇಲ್ಲ. ಬ್ರೇಕ್ ಶೂ ಹಾಕಿದ, ಆಯಿಲ್ ಬದಲಿಸಿದ. ನನ್ನ ಕಡೆಯ ಬ್ರೇಕ್ ಪೆಡಲ್ ತನ್ನಷ್ಟಕ್ಕೆ ಒಳಗೆ ಹೋಗುತ್ತದೆ ಎಂದೆ, ಸ್ಪ್ರಿಂಗ್ ಸಡಿಲಾಗಿದೆಯೆಂದು ಅದನ್ನೂ ಹೊಸದು ಹಾಕಿದ. ಅವನು ಒಬ್ಬನೇ ಊರ ಹೊರಗೆ ಓಡಿಸಿ ನೋಡಿದರೆ ಏನೂ ತೊಂದರೆ ಇಲ್ಲ. ಸೋಮವಾರ, ಗುರುವಾರ ನಾನು ಮಾವನನ್ನು ಕೂರಿಸಿಕೊಂಡು ಹೊರಟರೆ ಮತ್ತೆ ಅದೇ ಹೊಗೆ. ಕೊನೆಗೆ ಅವನು, “ಗಾಡಿಗೆ ಯಾರದರ ಕಣ್ಣು ಬಿದ್ದೈತೇನ್ರಿ ಅಕ್ಕಾರ, ನಿಂಬಿಕಾಯಿ ಕಟ್ರಿ” ಎಂದ. ನಾನು ಅದನ್ನೂ ಕಟ್ಟಿದೆ. ವಿಜ್ಞಾನ ಕಲಿಸುವ ಟೀಚರ್ ಬಂಪರ್‌ಗೆ ನಿಂಬೆಹಣ್ಣು ಕಟ್ಟಿಕೊಂಡು ಓಡಾಡುವುದನ್ನು ನೋಡಿ ನನ್ನ ಶಾಲೆಯ ಮಕ್ಕಳೇ ನಕ್ಕರು. ತಡವಾಗಿ ತಲುಪಿದರೆ ಪಾಳಿಯ ಹೊತ್ತು ಕಡಿಮೆಯಾಗುತ್ತಿತ್ತು, ಒಮ್ಮೊಮ್ಮೆ ಅರ್ಧಕ್ಕೇ ಬಿಚ್ಚಿ ಕಳಿಸುತ್ತಿದ್ದರು. ಅಂಥ ದಿನ ರಾತ್ರಿಯೆಲ್ಲ ಮಾವ ಕೆಮ್ಮುವುದನ್ನು ಕೇಳುತ್ತಾ ಆ ಗಾಡಿಗೆ ಬೆಂಕಿ ಹಚ್ಚಬೇಕೆನಿಸುತ್ತಿತ್ತು.

ಹೋದ ವಾರದ ಹಿಂದಿನ ಗುರುವಾರ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹ್ಯಾಂಡ್‌ಬ್ರೇಕ್ ಎಳೆದು ನಿಂತಿದ್ದೆ. ಮಾವನ ಗುಳಿಗೆಯ ಶೀಟು ಕೆಳಗೆ ಬಿತ್ತು, ತೆಗೆಯಲು ಬಗ್ಗಿದೆ. ಮಾವ ಚಪ್ಪಲಿ ಬಿಚ್ಚಿಟ್ಟಿದ್ದರು. ಅವರ ಬರಿಗಾಲು ನಿಮ್ಮ ಬ್ರೇಕಿನ ಮೇಲಿತ್ತು. ಸುಮ್ಮನೆ ಇಟ್ಟ ಕಾಲಲ್ಲ, ಬೆರಳು ಬಿಳುಪೇರುವ ಹಾಗೆ ಒತ್ತಿ ಹಿಡಿದಿದ್ದರು. ಎದ್ದು ಅವರ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಷ್ಟು ದಿನ ನಾನು ಸುಟ್ಟ ಎಣ್ಣೆಯ ವಾಸನೆಯಲ್ಲಿ ಬೆವರು ಸುರಿಸಿದ್ದು, ಗೋಳಾಡಿದ್ದು ಎಲ್ಲ ಒಮ್ಮೆಲೇ ಮೈಮೇಲೆ ಬಂದಂತಾಯಿತು. ಯಾಕೆ ಹೀಗೆ ಮಾಡಿದಿರಿ ಎಂದು ಕೂಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿ, “ಗಾಡಿ ಕೆಟ್ಟು ನಿಂತ್ರ ಅವ್ನು ಬರ್ತಿದ್ನಲ್ಲವ್ವಾ” ಎಂದರು.

ನಿಮ್ಮ ಅಪ್ಪ ಯಾರ ಹತ್ತಿರವೂ ಏನನ್ನೂ ಬೇಡಿದವರಲ್ಲ. ಮಗನನ್ನು ಬಾ ಎನ್ನಲು ಬಾಯಿ ಬರದೆ ಕಾಲಿನಿಂದ ಕರೆದರು. ಅದನ್ನು ಆಗಲೇ ಅರ್ಥ ಮಾಡಿಕೊಂಡು ಅವರ ಕೈ ಹಿಡಿದಿದ್ದರೆ ಇವತ್ತು ಈ ಕಾಗದ ಬರೆಯಬೇಕಿರಲಿಲ್ಲ. ನಾನು ಮಾಡಿದ್ದೇ ಬೇರೆ. ಆಸ್ಪತ್ರೆ ಮುಗಿಸಿ ಅವರನ್ನು ಮನೆಗೆ ಬಿಟ್ಟು ನೇರ ಗ್ಯಾರೇಜಿಗೆ ಹೋಗಿ, ಆ ಬ್ರೇಕನ್ನು ಬುಡಸಮೇತ ತೆಗೆಸಿದೆ. ನನ್ನ ಬುದ್ಧಿ ಅಷ್ಟೇ ಓಡಿತು. ತೊಂದರೆ ಎಲ್ಲಿದೆ ಎಂದು ತಿಳಿದ ಮೇಲೆ ಅದನ್ನು ಬಿಚ್ಚಿ ಬಿಸಾಕಿದರೆ ಸರಿಹೋಗುತ್ತದೆ ಅಂದುಕೊಂಡೆ.

ಅದರ ಮರು ಸೋಮವಾರ ಗಾಡಿ ಸದ್ದಿಲ್ಲದೆ, ಹೊಗೆಯಿಲ್ಲದೆ ಬೊಮ್ಮನಹಳ್ಳಿ ತಲುಪಿತು, ಮದುವೆ ಗಾಡಿಯಂತೆ. ನಾನು ಗೆದ್ದವಳಂತೆ ಕೂತಿದ್ದೆ. ಮಾವ ಹೋಗುವಾಗ ಒಮ್ಮೆ ಕಾಲಿನಿಂದ ತಡವಿದರು. ಅಲ್ಲಿ ತೂತು ಮಾತ್ರ ಇತ್ತು, ಕೆಳಗೆ ರಸ್ತೆ ಓಡುತ್ತಿತ್ತು. ಮನೆಗೆ ಬಂದು ಇಳಿಯುವಾಗ, “ಗಾಡಿ ಚಲೋ ಆತಲ್ಲ, ಇನ್ನ ಯಾರಿಗೂ ತ್ರಾಸಿಲ್ಲ ಬಿಡು” ಎಂದರು. ಅದೇ ಕೊನೆ. ಅದೇ ವಾರದ ಗುರುವಾರ ಹಾಸಿಗೆ ಬಿಟ್ಟು ಏಳಲಿಲ್ಲ.

ಬ್ರೇಕನ್ನು ಮತ್ತೆ ಹಾಕಿಸುತ್ತೇನೆ ಎಂದೆ. ಸತ್ತರೆ ಜನ ನನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಹೆದರಿಸಿದೆ. ಅತ್ತೂ ಕರೆದೆ. ಕಾಲು ಹಿಡಿದೆ, ಒತ್ತಿದಲ್ಲೆಲ್ಲ ಕುಳಿ ಬೀಳುತ್ತದೆ, ಹಾಗೇ ಉಳಿಯುತ್ತದೆ. ಇವತ್ತು ಮಧ್ಯಾಹ್ನ ಗಂಜಿ ಕುಡಿಸುವಾಗ ನಿಮ್ಮ ಹೆಸರೆತ್ತಿದೆ. ಬಾಯಿ ತೆರೆದಿದ್ದವರು ಮುಚ್ಚಿಕೊಂಡರು. “ನನ್ನ ಬಾಯಿ ಕೆಟ್ಟದ್ದವ್ವಾ. ಅಂವ ಏನ್ ತಪ್ಪು ಮಾಡ್ಯಾನ” ಎಂದರು. ಇದನ್ನು ಅವರು ನಿಮಗೆ ಹೇಳುವುದಿಲ್ಲ. ಜೀವ ಹೋದರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅವತ್ತು ನಾನು ನಕ್ಕದ್ದಕ್ಕೆ ಏನು ಬೇಕಾದರೂ ಅನ್ನಿ, ಎಷ್ಟು ದಿನ ಬೇಕಾದರೂ ಮಾತು ಬಿಡಿ. ಹಡಗಲಿಯಲ್ಲೇ ಇರಿ. ಆದರೆ ನಾಳೆ ಒಂದು ದಿನ ಬಂದು ಅವರನ್ನು ಗಾಡಿಗೆ ಕೂರಿಸಿ. ಬಯ್ಯುತ್ತಾ ಕೂರಿಸಿದರೂ ಸರಿ, ಬರುತ್ತಾರೆ. ನಿಮ್ಮಿಂದ ಇಷ್ಟೂ ಆಗುವುದಿಲ್ಲವೆಂದರೆ ಇನ್ನು ಯಾರ ಬಾಗಿಲಿಗೆ ಹೋಗಬೇಕೋ ನನಗೆ ತಿಳಿಯದು. ನನ್ನ ಕೈಲಿ ಆಗುವುದೆಲ್ಲ ಮುಗಿದಿದೆ.

ಇಂತಿ,
ನಿಮ್ಮ ಅಪ್ಪನ ಸೊಸೆ
ಕ್ರಾಂತಿ

ತಾ.ಕ.: ಗುರುವಾರ ಬೆಳಿಗ್ಗೆ. ಸ್ಟೀರಿಂಗ್ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅದು ಎಂಜಿನ್ನಿನದು. ಹುಲುಗಪ್ಪನಿಗೆ ಇವತ್ತು ಲೋಡ್ ಸಿಗಲಿಲ್ಲ. ಬೆಳಿಗ್ಗೆ ಮಾವನ ಎದೆಯಲ್ಲಿ ಗೊರಗೊರ ಶುರುವಾಯಿತು. ಹತ್ತಿರ ಕೂತು, ಆಸ್ಪತ್ರೆಗಲ್ಲ, ಹಡಗಲಿಗೆ ಹೋಗೋಣ ಎಂದೆ. ಗೋಡೆ ಹಿಡಿದು ತಾವೇ ಎದ್ದರು. ಗಾಡಿಯ ಸೆಲ್ಫ್ ಸ್ಟಾರ್ಟರ್ ಕೈ ಕೊಟ್ಟಿತ್ತು, ಓಣಿಯವರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಎಲ್ಲೂ ನಿಲ್ಲಿಸದೆ ಬಂದಿದ್ದೇನೆ. ಈ ಕಾಗದವನ್ನು ಕಿಟಕಿಯಿಂದಲೇ ವಾಚ್‌ಮನ್ ಕೈಗೆ ಕೊಟ್ಟು ನಿಮಗೆ ಕಳಿಸುತ್ತಿದ್ದೇನೆ. ನಿಮ್ಮ ಗೋದಾಮಿನ ಗೇಟಿನ ಮುಂದಿದ್ದೇವೆ. ಮಾವ ಹಿಂದಿನ ಸೀಟಿನಲ್ಲಿದ್ದಾರೆ. “ಬಂದ್ನೇನವ್ವಾ” ಎಂದು ಆಗಾಗ ಕೇಳುತ್ತಿದ್ದರು, ಈಗ ಸ್ವಲ್ಪ ಹೊತ್ತಿನಿಂದ ಕೇಳುತ್ತಿಲ್ಲ. ಈಗಲೇ ಹೊರಟರೆ ಮಧ್ಯಾಹ್ನದ ಪಾಳಿಗೆ ಬೊಮ್ಮನಹಳ್ಳಿ ಸಿಗುತ್ತದೆ. ನನಗಾಗಿ ಬರಬೇಡಿ ಎಂದು ಬರೆದದ್ದು ಸುಳ್ಳು. ಅವರಿಗೆ ನಡೆಯಲು ಆಗುವುದಿಲ್ಲ. ನಾನು ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಎಂಜಿನ್ ಆರುತ್ತದೆ, ಆರಿದರೆ ಮತ್ತೆ ಹತ್ತುವುದಿಲ್ಲ, ಹಾಗಾಗಿ ಇಳಿದು ಬಂದು ನಿಮ್ಮನ್ನು ಕರೆಯಲಾರೆ. ಓದಿದ್ದು ಸಾಕು, ಹೊರಗೆ ಬನ್ನಿ.